ಹೊನ್ನೂರಪ್ಪನ ಎಡಗೈ

ಹೊನ್ನೂರಪ್ಪ ಓದಿದವನಲ್ಲ, ಜೈಲಿಗೆ ಹೋದವನಲ್ಲ, ಖಾದಿ ಮುಟ್ಟಿಯೂ ನೋಡಿದವನಲ್ಲ. ಆಲೂರಿನ ಆಚೆ ನಮ್ಮೂರಲ್ಲಿ ಹಲಗಿ, ಅಂದರೆ ಚರ್ಮದ ತಮಟೆ, ಬಡಿದು ಸಾರುವವನು. ಸಂತೆ ದಿನ ಬದಲಾಗಲಿ, ಎಮ್ಮೆ ಕಳೆಯಲಿ, ಒಂಬತ್ತು ಕಟ್ಟೆಗಳ ಮುಂದೆ ನಿಂತು ಅವನು ಕೂಗಿದ ಮೇಲೇ ಅದು ಊರಿಗೆ ಗೊತ್ತಾದಂತೆ.

ಸಾರಿದ್ದು ರದ್ದಾಗಬೇಕಾದರೂ ಒಂದು ಪದ್ಧತಿ ಇತ್ತು. ಅದೇ ಒಂಬತ್ತು ಕಟ್ಟೆಗಳ ಮುಂದೆ ಹಲಗಿಯನ್ನು ಎಡಗೈಯಿಂದ ಬಡಿದು, ಮಾತು ಹಿಂದಕ್ಕೆ ತಗೊಂಡವರ ಹೆಸರು ಹಿಡಿದು ಕೂಗಬೇಕು. ಅಲ್ಲಿವರೆಗೆ ಹಳೆಯದೇ ಚಾಲ್ತಿ. ಒಮ್ಮೆ ಯರ್ರೆಪ್ಪ ಎಂಬ ರೈತ, ಕಳೆದ ಎಮ್ಮೆ ಹಿಡಿದು ತಂದವರಿಗೆ ಒಂದು ಸೇರು ತುಪ್ಪ ಎಂದು ಸಾರಿಸಿದ. ಎಮ್ಮೆ ತಾನೇ ಮನೆಗೆ ಬಂತು. ಹಿಂದಕ್ಕೆ ಸಾರಿಸುವುದನ್ನು ಆಸಾಮಿ ಮರೆತ. ಎಂಟು ದಿನ ಊರ ಮಂದಿ ಅವನ ಹಿತ್ತಲಿಂದಲೇ ಎಮ್ಮೆ ಬಿಚ್ಚಿ, ಮುಂಬಾಗಿಲಿಗೆ ತಂದು ತುಪ್ಪ ಕೇಳಿದರು. ಹಿರಿಯರು ಕೊಡಿಸಿಯೂ ಬಿಟ್ಟರು.

ಮೂವತ್ತೆಂಟನೇ ಇಸವಿಯಲ್ಲಿ ಪಂಚಾಯ್ತಿ ಬೋರ್ಡಿನ ಚುನಾವಣೆ ಬಂತು, ಒಂದೊಂದು ಪಾರ್ಟಿಗೆ ಒಂದೊಂದು ಬಣ್ಣದ ವೋಟಿನ ಪೆಟ್ಟಿಗೆ. ಹಳದಿ ಪೆಟ್ಟಿಗೆ ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಸಾವುಕಾರನ ಪಾರ್ಟಿಯದು, ಕೆಂಪು ಪೆಟ್ಟಿಗೆ ಭೀಮಲಿಂಗಪ್ಪ ಗೌಡನ ಪಾರ್ಟಿಯದು. ಕೆಳಗಿನ ಕೇರಿಗೆ ಬಾವಿ ತೋಡಿಸ್ತೀನಿ ಅಂತ ಸಾವುಕಾರ, ಮನೆ ತೆರಿಗೆ ಏರಿಸೋದಿಲ್ಲ ಅಂತ ಗೌಡ. ಇಬ್ಬರ ಮಾತನ್ನೂ ಸಾರಿದವನು ಹೊನ್ನೂರಪ್ಪನೇ.

ಬಾವಿಯ ಮಾತನ್ನು ಅವನು ಸ್ವಲ್ಪ ಜೋರಾಗಿಯೇ ಕೂಗಿದ. ಕೆಳಗಿನ ಕೇರಿ ಅವನದೇ. ಅವನ ಹೆಂಡತಿ ಉಚ್ಚಮ್ಮ ದಿನಾ ಮೇಲಿನ ಓಣಿ ಬಾವಿಯ ಹತ್ತಿರ ದೂರ ನಿಂತು, ಯಾರಾದರೂ ಎತ್ತಿ ಹುಯ್ದರೆ ನೀರು, ಇಲ್ಲವಾದರೆ ಖಾಲಿ ಕೊಡ.

ಎಂಟು ಸೀಟಿನಲ್ಲಿ ಹಳದಿಗೆ ನಾಲ್ಕು, ಕೆಂಪಿಗೆ ನಾಲ್ಕು. ಹಿಂದಿನ ವಾರ ಒಬ್ಬರ ಅವ್ವನನ್ನು ಒಬ್ಬರು ಬೈದಾಡಿದವರು ಒಂದೇ ಚಾಪೆ ಮೇಲೆ ಕೂತು ಅಧಿಕಾರ ಪಾಲು ಮಾಡಿಕೊಂಡರು. ಮೊದಲ ಒಂದೂವರೆ ವರ್ಷ ಗೌಡ ಅಧ್ಯಕ್ಷ, ಆಮೇಲೆ ಸಾವುಕಾರ. ಗೌಡನಿಗೆ ಕೇರಿಯ ಬಾವಿ ಬೇಡವಾಗಿತ್ತು, ಸಾವುಕಾರ ಬಾವಿ ಬಿಟ್ಟ. ಸಾವುಕಾರನಿಗೆ ಬೋರ್ಡಿಗೊಂದು ಕಲ್ಲಿನ ಆಫೀಸು ಬೇಕಾಗಿತ್ತು, ಗೌಡ ತೆರಿಗೆ ಏರಿಸಲು ಒಪ್ಪಿದ. ಹೀಗೆ ಒಬ್ಬರಿಗಾಗಿ ಒಬ್ಬರು ತ್ಯಾಗ ಮಾಡಿದ ಮೇಲೆ ಊರಿಗೆ ಉಳಿದದ್ದು ತೆರಿಗೆ. ಆಫೀಸಿಗೆ ಎರಡು ಬಾಗಿಲು, ಯಾರು ಮೊದಲು ಒಳಗೆ ಹೋಗಬೇಕೆಂಬ ಜಗಳ ಬೇಡ ಅಂತ. ಕಲ್ಲು ಬಂದು ಬಿತ್ತು.

ಗೌಡ ಹೊನ್ನೂರಪ್ಪನನ್ನು ಕರೆಸಿದ. "ಲೇ ಹೊನ್ನೂರ, ತೆರಿಗಿ ಏರೈತಿ ಅಂತ ಸಾರಿ ಬಾ."

"ಆತ್ರಿ ಗೌಡ್ರ. ಮೊದ್ಲು ಎಡಗೈಲೆ ಹೊಡೀತೀನಿ. ಬಾವಿ ಮಾತು ಸಾವ್ಕಾರ್ರು ಹಿಂದಕ್ಕ ತಗಂಡಾರ, ತೆರಿಗಿ ಮಾತು ಗೌಡ್ರು ಹಿಂದಕ್ಕ ತಗಂಡಾರ ಅಂತ ಕೂಗಿ, ಆಮ್ಯಾಲ ಇದು."

ಪಕ್ಕದಲ್ಲೇ ಕೂತಿದ್ದ ಸಾವುಕಾರನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. "ಹೆಸರು ಯಾಕಲೇ? ಹೆಸರು ಬಿಟ್ಟು ಕೂಗು."

"ಹೆಸರಿಲ್ದ ಕೂಗಿದ್ರ ಯಾರ ಎಮ್ಮಿ ಅಂತ ಕೇಳ್ತಾರ್ರಿ."

"ಹಲಗಿ ಚಾಕರಿಗಂತ ನಿನಗ ಕೊಟ್ಟ ಹೊಲ ಕಿತ್ಕಂತೀನಿ ನೋಡು!" ಎಂದ ಗೌಡ.

"ಕಿತ್ಕಳ್ರಿ. ಅದನ್ನೂ ಸಾರಬೇಕಲ್ರಿ, ಅದಕ್ಕ ಯಾರ್ನ ಕರೀತೀರಿ?"

ಮನೆಗೆ ಬಂದರೆ, ಆಗಲೇ ಸುದ್ದಿ ಮುಟ್ಟಿದ್ದ ಉಚ್ಚಮ್ಮ ಬಾಗಿಲಲ್ಲೇ ನಿಂತಿದ್ದಳು. "ಹೊಲ ಹೋದ್ರ ಏನು ತಿಂತೀಯೋ, ಹಲಗಿ ಚರ್ಮನಾ?"

"ಬಾವಿ ಬ್ಯಾಡನು ನಿನಗ?"

ಆಕಿ ಕಂಕುಳಿನ ಖಾಲಿ ಕೊಡವನ್ನು ಅವನ ಮುಂದೆ ಕುಕ್ಕಿದಳು. "ಬೇಕು. ಹೊಲಾನೂ ಬೇಕು. ಎರಡೂ ಬರೋಹಂಗ ನೋಡು."

ಬೋರ್ಡಿನವರು ಪಕ್ಕದೂರಿನ ಸಾರುವವ ದುರುಗಣ್ಣನನ್ನು ಕರೆಸಿದರು. ಅವನು ಉಚ್ಚಮ್ಮನ ಸ್ವಂತ ಅಣ್ಣ ಅನ್ನೋದು ಯಾರ ತಲೆಗೂ ಹೊಳೆಯಲಿಲ್ಲ. ಬಂದವನೇ, "ಹಲಗಿ ಸಡ್ಲಾಗೈತ್ರಿ, ಕಾಸಬೇಕು" ಅಂದ. ಮೂರು ದಿನ ಕಾಸಿದ. ಮೂರು ದಿನವೂ ಗೌಡನ ಮನೆಯಿಂದ ರೊಟ್ಟಿ, ಹಿಂಡಿಪಲ್ಲೆ ತರಿಸಿಕೊಂಡು ತಿಂದ. ನಾಲ್ಕನೇ ದಿನ "ಈ ಊರ ಬೆಂಕಿ ನನ್ನ ಹಲಗಿಗೆ ಹಿಡಿಸಲ್ರಿ" ಅಂದು ಹೊರಟುಹೋದ.

ಗೌಡ ಕೊನೆಗೆ ತೆರಿಗೆ ಸಾರಲು ಹಲಗಿಯ ಬದಲು ಶಾಲೆಯ ಗಂಟೆ ಹೊಡೆಸಿದ. ಮಕ್ಕಳೆಲ್ಲ ರಜೆ ಎಂದು ಓಡಿದರು. ಏರಿದ ತೆರಿಗೆ ಕೇಳಲು ಹೋದ ಬೋರ್ಡಿನ ಗುಮಾಸ್ತ ಗುರುಪಾದಯ್ಯನಿಗೆ ಪ್ರತಿ ಮನೆಯಲ್ಲೂ ಒಂದೇ ಉತ್ತರ: "ಗೌಡ್ರ ಹಳೇ ಮಾತ ಇನ್ನಾ ಚಾಲ್ತಿ ಐತಿ ಅಯ್ಯಾ. ಎಡಗೈ ಹಲಗಿ ನಾವು ಕೇಳಿಲ್ಲ." ಆಮೇಲೆ ನಾನು ಎಷ್ಟೋ ಚಳವಳಿಗಳಲ್ಲಿ ಲಾಠಿ ತಿಂದಿದ್ದೇನೆ. ಒಬ್ಬನ ಬಲಗೈ ಸುಮ್ಮನೆ ಕೂತದ್ದರಿಂದ ಇಡೀ ಊರು ತೆರಿಗೆ ನಿಲ್ಲಿಸಿದ್ದನ್ನು ಮತ್ತೆಲ್ಲೂ ಕಾಣಲಿಲ್ಲ.

ಮಾರ್ಚಿನೊಳಗೆ ವಸೂಲಿ ಆಗದಿದ್ದರೆ ಬೋರ್ಡು ರದ್ದು ಅಂತ ಮೇಲಿನಿಂದ ಕಾಗದ ಬಂತು. ಗುರುಪಾದಯ್ಯ ಅದನ್ನು ಎರಡು ಸಲ ಓದಿ, "ಹಲಗಿ ಹೊಡದು ಸಾರದ ತೆರಿಗಿ ತೆರಿಗೀನ ಅಲ್ರಿ, ಕಾನೂನಿನ್ಯಾಗ ಐತಿ" ಅಂದ.

ಆಗ ಸಾವುಕಾರ ಬೆವೆತ. ಗೌಡನಾದರೂ ಕುರ್ಚಿ ಮೇಲೆ ಕೂತು ನೋಡಿಯಾಗಿತ್ತು. ಬೋರ್ಡೇ ಹೋದರೆ ಸಾವುಕಾರನ ಪಾಳಿ ಬರುವುದೇ ಇಲ್ಲ. "ಆಫೀಸು ಹಾಳಾಗಿ ಹೋಗ್ಲಿ ಗೌಡ್ರ. ಹಳೇ ತೆರಿಗೀನ ಸಾರಿಸ್ರಿ, ಆ ಬಾವಿ ತೋಡಿಸ್ರಿ. ಒಂಬತ್ತು ಕಟ್ಟಿ ಮುಂದ ನನ್ನ ಹೆಸರು ಎಡಗೈಗೆ ಬರಬಾರದು."

"ನನ್ನ ಹೆಸರು ಬರಬೇಕೇನು ಮತ್ತ?" ಎಂದು ಗೌಡ ಗುರುಗುಟ್ಟಿದ. ಗುರುಗುಟ್ಟುತ್ತಲೇ ಒಪ್ಪಿದ.

ಗುದ್ದಲಿ ಬಿದ್ದ ದಿನವೇ ಹೊನ್ನೂರಪ್ಪ ಬಲಗೈಯಿಂದ ಹಲಗಿ ಬಡಿದು ಹಳೇ ತೆರಿಗೆ ಸಾರಿದ, ಮಂದಿ ಕಟ್ಟಿದರು. ಆಫೀಸಿಗೆ ತಂದ ಕಲ್ಲೆಲ್ಲ ಬಾವಿಯ ಒಳಗೋಡೆಗೆ ಹೋಯಿತು. ಆ ಎರಡು ಬಾಗಿಲಿಗೆಂದು ತಂದ ಹೊಸ್ತಿಲ ಕಲ್ಲುಗಳು ಬಾವಿಯ ದಂಡೆಗೆ ಬಿದ್ದವು, ಮುಂದೆ ಅವುಗಳ ಮೇಲೆಯೇ ಕೇರಿಯ ಹೆಂಗಸರು ಕೊಡ ಇಡುತ್ತಿದ್ದರು. ಮಾತು ಉಳಿಸಿಕೊಳ್ಳಬೇಕು ಅಂತ ಇಬ್ಬರಿಗೂ ಇರಲಿಲ್ಲ, ಎರಡೂ ಮಾತು ಉಳಿದವು. ಹೊಲವೂ ಉಳಿಯಿತು, ಕಿತ್ತುಕೊಂಡದ್ದನ್ನು ಸಾರುವವರು ಸಿಗದೆ.

ನೀರು ಬಿದ್ದ ದಿನ ಸಾವುಕಾರ, ಗೌಡ ಇಬ್ಬರೂ ಕೇರಿಗೆ ಬಂದರು. ಬಾವಿ ತನ್ನ ಹೆಸರಲ್ಲಿ ಸಾರಬೇಕು ಅಂತ ಸಾವುಕಾರ, ಅಧ್ಯಕ್ಷ ನಾನು ಅಂತ ಗೌಡ. ಉಚ್ಚಮ್ಮ ಅವರ ನಡುವೆ ಹಾದು ಹೋಗಿ, ತಾನೇ ಕೊಡ ಇಳಿಬಿಟ್ಟು, ತಾನೇ ಎಳೆದು, ಒಂದು ಬೊಗಸೆ ಕುಡಿದಳು.

"ಹೆಂಗೈತಿ?" ಎಂದ ಹೊನ್ನೂರಪ್ಪ.

"ಉಪ್ಪೈತಿ. ಇರ್ಲಿ, ನಮ್ಮದು."

ಜಗಳ ಮುಗಿಯುವ ಹಾಗೆ ಕಾಣಲಿಲ್ಲ. ಹೊನ್ನೂರಪ್ಪ ಹಲಗಿ ಕೊರಳಿಗೆ ಹಾಕಿಕೊಂಡು ಮೊದಲ ಕಟ್ಟೆಗೆ ನಡೆದ.

"ಕೇಳ್ರಪ್ಪೋ ಕೇಳ್ರಿ! ಕೆಳಗಿನ ಕೇರಿ ಬಾವ್ಯಾಗ ನೀರು ಬಿದ್ದೈತ್ರಪ್ಪೋ! ತೋಡಿಸಿದೋರು ಯಾರಂಬೋದು ಇನ್ನಾ ರಾಜಿ ಆಗಿಲ್ರಪ್ಪೋ!"