ಅಮರೇಶ್ವರಿ ಹಾಕಿದ ಲೆಕ್ಕ

ಅಮರೇಶ್ವರಿ ಸಿಂಧನೂರಿನ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವಾಕೆ. ಕೊರೊನಾದ ಎರಡನೇ ಅಲೆ ಎದ್ದಾಗ ಅಧಿಕಾರಿಯೊಬ್ಬರು ಕರೆಸಿ, "ಯಾರನ್ನ ಎಲ್ಲಿ ಇಟ್ರ ರೋಗ ಎಷ್ಟು ಹಬ್ಬತೈತಿ, ಲೆಕ್ಕ ಹಾಕಿ ಕೊಡ್ರಿ ಮೇಡಮ್" ಅಂದರು.

ಆಕೆ ಹುರುಪಿನಿಂದ ಕೂತಳು. ರೋಗ ಹತ್ತಿದವರು, ಹತ್ತದವರು, ವಾಸಿಯಾದವರು ಎಂದು ಜನರನ್ನು ಗುಂಪು ಮಾಡಿ, ಒಬ್ಬರಿಂದ ಎಷ್ಟು ಮಂದಿಗೆ ದಾಟಬಹುದೆಂದು ಸಮೀಕರಣ ಬರೆದಳು. ಒಂದು ಕಡೆ ಮಾತ್ರ ಅಂಕಿ ಸಿಗಲಿಲ್ಲ. ರೋಗ ಹತ್ತಿದವರಿಗೆ ಮನೆಯಲ್ಲೇ ಇರಿ ಎಂದರೆ ಎಷ್ಟು ಜನ ಇದ್ದಾರು? ಯಾರನ್ನೂ ಕೇಳದೆ ತಾನೇ ತುಂಬಿದಳು: ಓದಿದವರು ಇರುತ್ತಾರೆ, ದುಡಿಯಲು ಹೋಗಿ ಬಂದ ಕೂಲಿಯವರು ಇರುವುದಿಲ್ಲ. ಲೆಕ್ಕವೂ ಹಾಗೇ ಹೇಳಿತು. ಓದಿದವರನ್ನು ಮನೆಯಲ್ಲಿ ಬಿಟ್ಟು, ಕೂಲಿಯವರನ್ನು ರೋಗಿಗಳಿಗೆಂದು ತೆರೆದ ಹಾಸ್ಟೆಲಿಗೆ ಹಾಕಿದರು.

ಅಮರೇಶ್ವರಿ ಅಲ್ಲಿಗೆ ನೋಡಲು ಹೋದಾಗ ವಳಕಮದಿನ್ನಿ ಊರಿನ ಗ್ಯಾನಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿ, ರೋಗ ಹತ್ತಿಸಿಕೊಂಡು ಬಂದವಳು. ಗೇಟಿನ ಹೊರಗೆ ಅತ್ತೆಯ ತೋಳಿನಲ್ಲಿ ಅವಳ ಕೂಸು ಚೀರುತ್ತಿತ್ತು.

"ಮನ್ಯಾಗ ಒಂದು ಕಡೆ ಕುಂತಿರ್ತೀನ್ರೀ. ಮಾರಿಗಿ ಬಟ್ಟಿ ಕಟ್ಕಂಡು ಮೊಲಿ ಕುಡಸ್ತೀನಿ."

"ಕೂಸಿನ ಸಲುವಾಗೇ ಇದು, ಗ್ಯಾನಮ್ಮ," ಎಂದು ಅಮರೇಶ್ವರಿ ಮುಂದೆ ನಡೆದಳು.

ಸ್ವಲ್ಪ ದಿನಕ್ಕೆ ಅಮರೇಶ್ವರಿಗೇ ರೋಗ ಹತ್ತಿತು. ಓದಿದವಳು, ಮನೆಯಲ್ಲೇ ಬಿಟ್ಟರು. ಜ್ವರ ಇಳಿಯಿತು, ಆದರೆ ಮನೆಯಲ್ಲೇ ಇರಬೇಕಾದ ಅವಧಿ ಮುಗಿದಿರಲಿಲ್ಲ. ಲಿಂಗಸುಗೂರಿನಿಂದ ಅವ್ವ ಗಂಗಾದೇವಿ ಫೋನಿನಲ್ಲಿ, "ನಿನ್ನ ನೋಡಬೇಕನಸಾಕತ್ತೈತಿ" ಎಂದು ಅತ್ತಳು. ತನಗೀಗ ಏನೂ ಇಲ್ಲವೆಂದುಕೊಂಡು ಅಮರೇಶ್ವರಿ ಸ್ಕೂಟಿಯಲ್ಲಿ ಮಸ್ಕಿ ದಾಟಿ ಹೋಗಿ, ಅವ್ವನ ಪಕ್ಕ ಕೂತು ರೊಟ್ಟಿ ಉಂಡು ಬಂದಳು. ಕೆಲವೇ ದಿನಕ್ಕೆ ಅವ್ವ ಅದೇ ರೋಗದಿಂದ ಹಾಸಿಗೆ ಹಿಡಿದಳು. ಆಕ್ಸಿಜನ್ ಹಾಕಿ ಹೇಗೋ ಜೀವ ಉಳಿಸಿದರು.

ಆಸ್ಪತ್ರೆಯ ಹೊರಗೆ ಕಾಯುವಾಗ ಅವಳಿಗೆ ಗ್ಯಾನಮ್ಮ ನೆನಪಾದಳು. ಹಾಸ್ಟೆಲಿನ ಗೇಟಿಗೆ ಬೀಗವಿರಲಿಲ್ಲ; ಕೂಸು ಅಷ್ಟು ಅತ್ತರೂ ಆಕೆ ಅದನ್ನು ದಾಟಿರಲಿಲ್ಲ. ಅಮರೇಶ್ವರಿ ಅಧಿಕಾರಿಯ ಬಳಿ ಹೋಗಿ ನಡೆದದ್ದೆಲ್ಲ ಹೇಳಿದಳು. "ಕೂಲಿಯವರು ಮನ್ಯಾಗ ಇರಂಗಿಲ್ಲ ಅನ್ನೋ ಅಂಕಿ ನಾನೇ ಕಲ್ಪಿಸಿಕೊಂಡಿದ್ದು ಸರ್. ತಪ್ಪೈತಿ."

"ಈಗ ಕೇಸು ಇಳದಾವ, ಬಿಡ್ರಿ ಮೇಡಮ್," ಎಂದು ಅವರು ಬೇರೆ ಕಡತ ತೆಗೆದರು.

ಆಕೆಗೆ ಬಿಡಲಾಗಲಿಲ್ಲ. ವಳಕಮದಿನ್ನಿಗೆ ಹೋದಳು. ನಾಟಿ ಮುಗಿಸಿ ಬಂದ ಗ್ಯಾನಮ್ಮ ಕಾಲು ತೊಳೆಯುತ್ತಿದ್ದಳು.

"ನಿನ್ನ ಹಾಸ್ಟೆಲಿನ್ಯಾಗ ಇರಸಿದ್ದು ನನ್ನ ಲೆಕ್ಕ. ಹೇಳಿದ ಮಾತು ಕೂಲಿಯವರು ಕೇಳಂಗಿಲ್ಲ ಅಂತ ಬರದಿದ್ದೆ. ಕೇಳಲಾರದಾಕಿ ನಾನೇ."

ಗ್ಯಾನಮ್ಮ ಬೈಯಲಿಲ್ಲ. ಒಳಗೆ ಅತ್ತೆಯ ಮಡಿಲಲ್ಲಿ ಕೂಸು ಬಾಟಲಿ ಹಾಲು ಕುಡಿಯುತ್ತಿತ್ತು. ಅದನ್ನೇ ನೋಡುತ್ತಾ, "ಈಗ ನನ್ನ ಮೊಲಿ ಹಿಡಿಯಂಗಿಲ್ರೀ. ಹಾಲೂ ಬತ್ಯಾವ," ಎಂದಳು. ಆಮೇಲೆ, "ಕುಂದರ್ರಿ, ಚಾ ಮಾಡ್ತೀನಿ."

ಬೇಡ ಎನ್ನುವ ಮುಖವೂ ಅಮರೇಶ್ವರಿಗೆ ಇರಲಿಲ್ಲ. ತಲೆ ತಗ್ಗಿಸಿ ಕಟ್ಟೆಯ ಮೇಲೆ ಕೂತಳು.