ಅವ್ವನ ಖಾನೆ

ಕೂಂಯ್ ಎಂದಿತು ಯುಪಿಎಸ್. ಮತ್ತೆ ಕೂಂಯ್, ಕೂಂಯ್. ಚಿತ್ತಾಪುರದ ಸ್ಟೇಷನ್ ರೋಡಿನ ನೆಟ್ ಅಂಗಡಿಯಲ್ಲಿ ಫ್ಯಾನುಗಳು ಒಂದೊಂದಾಗಿ ಸುಸ್ತಾಗಿ ನಿಂತವು. ಒಳಗಿದ್ದವರು ಬೈದುಕೊಳ್ಳುತ್ತ ಕುರ್ಚಿ ಸರಿಸಿ ಎದ್ದರು. ಮೈತ್ರಿ ಏಳಬೇಕಾಗಿರಲಿಲ್ಲ, ಮೊದಲೇ ನಿಂತಿದ್ದಳು. ಅವಳು ಕುಳಿತು ಕೆಲಸ ಮಾಡುವುದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ಮೊಣಕಾಲು ಕುರ್ಚಿಯ ಮೇಲೆ, ಒಂದು ಪಾದ ನೆಲದ ಮೇಲೆ, ಕಣ್ಣು ಪರದೆಯ ಮೇಲೆ, ಕಿವಿ ರೈಲಿನ ಕಡೆ.

"ಸೇವ್ ಮಾಡಿದೇನು ತಂಗಿ?" ಅಂಗಡಿಯ ಮಾಲೀಕ ಸಿರಾಜುದ್ದೀನ ದುಡ್ಡೆಣಿಸುವ ಗಲ್ಲೆಯಿಂದ ಕೇಳಿದ. "ಹೋದ ಸಲ ಎಲ್ಲಾ ಹೋಯ್ತಂತ ನನ್ನ ಮ್ಯಾಲ ಒದರಿದಿ. ಕರೆಂಟ್ ನಮ್ಮಪ್ಪಂದಲ್ಲ."

"ಮಾಡೀನಿ ಭಾಯ್. ನಿಮ್ಮ ಯುಪಿಎಸ್ಸಿಗೆ ಮೊದಲ ದವಾಖಾನಿ ತೋರಸ್ರಿ. ದಮ್ಮು ಹತ್ತ್ಯಾದ ಅದಕ್ಕ."

ಅದು ಎರಡು ಸಾವಿರದ ಎಂಟರ ಬೇಸಿಗೆ. ಕಾಗಿಣಾ ಹೊಳೆಯ ದಂಡೆಯ ದಂಡೋತಿಯವಳಾದ ಮೈತ್ರಿ ಕಾಲೇಜು ಓದಿದ್ದು ಸೇಡಂನಲ್ಲಿ, ಕಂಪ್ಯೂಟರ್ ಕಲಿತದ್ದು ಶಹಾಬಾದದಲ್ಲಿ. ವಾಡಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲವು ದಿನ ಇದ್ದಳು. ಚಿಂಚೋಳಿಯಲ್ಲಿ ಅರ್ಜಿ ಟೈಪು ಮಾಡುತ್ತ ಒಂದು ಮಳೆಗಾಲ ಕಳೆದಳು. ಎಲ್ಲಿಯೂ ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದುಬಿಡುತ್ತಿದ್ದಳು. ಜಗಳವಿಲ್ಲ, ಕಾರಣವೂ ಇಲ್ಲ. ಗೋಡೆಗಳು ಹತ್ತಿರ ಬಂದಂತೆ ಅನಿಸುತ್ತಿತ್ತು, ಅಷ್ಟೇ. ಅವಳ ಅವ್ವ ಮಾಣಿಕಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು: "ಹೊಟ್ಟ್ಯಾಗ ಸೈತ ಇದು ನಿಂತಕಡಿ ನಿಂತಿಲ್ಲ ನೋಡವಾ."

ಈ ಸಲ ಹಿಡಿದ ಕೆಲಸ ರಾಘವೇಂದ್ರರಾಯರದು. ರಾಯರು ಸೇಡಂನಲ್ಲಿ ಗ್ರಂಥಪಾಲರಾಗಿದ್ದಾಗ ಅವರ ಕೈಕೆಳಗೆ ಕಪಾಟುಗಳಲ್ಲಿ ಪುಸ್ತಕ ಜೋಡಿಸುತ್ತಿದ್ದವನು ಮೈತ್ರಿಯ ಅಪ್ಪ ಅಂಬಾರಾಯ. ಅಪ್ಪ ತೀರಿಕೊಂಡ ಮೇಲೂ ರಾಯರು ಮನೆಯವರ ಸುದ್ದಿ ಕೇಳುವುದನ್ನು ಬಿಟ್ಟಿರಲಿಲ್ಲ. ನಿವೃತ್ತರಾಗಿ ಚಿತ್ತಾಪುರಕ್ಕೆ ಬಂದು ನೆಲೆಸಿದವರು 'ಕಾಗಿಣಾ ದಂಡೆ' ಎಂಬ ಬ್ಲಾಗು ಶುರುಮಾಡಿದ್ದರು. ಬೆಳಗಿನ ಪೂಜೆ ಮುಗಿಸಿ, ಅಂಗಾರ ಅಕ್ಷತೆ ಹಣೆಯಲ್ಲಿ ಒಣಗುವ ಮೊದಲೇ ಒಂದು ಬರಹ. ವಾಡಿ ಜಂಕ್ಷನ್ನಿನ ಚಹಾ, ಶಹಾಬಾದದ ಹಾಸುಗಲ್ಲು, ಕಾಳಗಿಯ ಸಂತೆ, ಕಂಡ ಮನುಷ್ಯರು, ಉಂಡ ಊಟ. ನಾಲ್ಕು ವರ್ಷದಲ್ಲಿ ಅದು ತುಂಬಿದ ಅಟ್ಟದಂತಾಗಿತ್ತು. ಓದಿದ್ದನ್ನು ಮತ್ತೆ ಹುಡುಕಿದರೆ ಸಿಗುವುದಿಲ್ಲ ಎಂದು ಹೈದರಾಬಾದಿನಿಂದಲೂ ಪುಣೆಯಿಂದಲೂ ದೂರು ಬರುತ್ತಿದ್ದವು. ಎಲ್ಲವನ್ನೂ ವಿಷಯವಾರು ಖಾನೆಗಳಿಗೆ ಹಂಚಿಕೊಡು ಎಂದು ರಾಯರು ಮೈತ್ರಿಯನ್ನು ಕರೆದಿದ್ದರು. ಖಾನೆಗಳ ಹೆಸರು ಅವರವೇ. ಊರು, ರೈಲು, ಅಡುಗೆ, ಔಷಧ, ಹಾಡು, ಬಡವರ ಬದುಕು, ಹೀಗೆ. ಒಂದು ಬರಹಕ್ಕೆ ಒಂದೇ ಖಾನೆ.

"ಸರ್, ಬ್ಲಾಗಿನಾಗ ಒಂದಕ್ಕ ಎಷ್ಟು ಹೆಸರು ಬೇಕಾದ್ರೂ ಹಚ್ಚಬಹುದ್ರಿ."

"ಹಚ್ಚಲಿಕ್ಕೆ ಬರ್ತದಂತ ಹಚ್ಚೂದೇನವಾ? ಒಂದು ಪುಸ್ತಕ ಎರಡು ಕಪಾಟಿನ್ಯಾಗ ಕೂಡ್ತದೇನು? ನಿಮ್ಮಪ್ಪ ಇದ್ದಿದ್ರ ನಿನಗ ಇದನ್ನ ಕೇಳಲಿಕ್ಕೇ ಬಿಡ್ತಿದ್ದಿಲ್ಲ."

ಅಪ್ಪನ ಹೆಸರು ಬಂದ ಮೇಲೆ ಅವಳು ವಾದಿಸಲಿಲ್ಲ. ಆದರೆ ಬರಹಗಳನ್ನು ಒಂದೊಂದಾಗಿ ಓದುತ್ತ ಕೂಡುವ ತಾಳ್ಮೆ ಅವಳದಲ್ಲ. ಒಂದು ಉಪಾಯ ಹುಡುಕಿದಳು. ಒಂದು ಪದ ಕೊಟ್ಟು ಹುಡುಕುವುದು, ಸಿಕ್ಕವನ್ನೆಲ್ಲ ಒಟ್ಟಿಗೆ ಒಂದು ಖಾನೆಗೆ ತಳ್ಳುವುದು. 'ಪ್ಲಾಟ್‌ಫಾರಂ' ಎಂದಿದ್ದವು ರೈಲಿಗೆ. 'ಒಗ್ಗರಣೆ' ಎಂದಿದ್ದವು ಅಡುಗೆಗೆ. 'ಗುಡಿಸಲು', 'ಗೋಣಿತಟ್ಟು' ಎಂದಿದ್ದವು ಬಡವರ ಬದುಕಿಗೆ. ಕೆಲಸ ಗಾಳಿಯಂತೆ ಓಡಿತು. ರಾಯರು ಮೇಲೆ ಮೇಲೆ ಕಣ್ಣಾಡಿಸಿ ಭೇಷ್ ಎಂದರು.

ಆ ಬುಧವಾರ ಊರಲ್ಲಿ ಊಟಕ್ಕೆ ಕುಳಿತಾಗ ಮಾಣಿಕಮ್ಮ ರೊಟ್ಟಿ ಮುರಿಯುತ್ತ ಕೇಳಿದಳು. "ನಂದೂ ಅದ ಅಲ್ಲ ಅದರಾಗ? ರಾಯರು ನಮ್ಮ ಮನ್ಯಾಗ ಉಂಡು ಹೋದದ್ದು?"

"ಅದ."

"ಎಲ್ಲಿ ಇಟ್ಟಿ ಅದನ್ನ?"

"ಇನ್ನೆಲ್ಲಿ? ಅಡಿಗಿ ಖಾನ್ಯಾಗ." ಮೈತ್ರಿ ನೋಡಿರಲಿಲ್ಲ. ಅವ್ವನ ಬರಹ ಮತ್ತೆಲ್ಲಿ ಇರಲು ಸಾಧ್ಯ?

ಮಾಣಿಕಮ್ಮ ಈಗ ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಶುರುವಿನಲ್ಲಿ ಕೆಲವು ಮನೆಗಳ ಮಕ್ಕಳು ಡಬ್ಬಿ ಕಟ್ಟಿಕೊಂಡು ಬಂದು ಬೇರೆ ಕಡೆ ಮುಖ ಮಾಡಿ ಉಂಡಿದ್ದವು. ಈಗ ಅವೇ ತಟ್ಟೆ ಬಡಿಯುತ್ತ ಇನ್ನಷ್ಟು ಸಾರು ಕೇಳುತ್ತವೆ. ಊರಿಗೆಲ್ಲ ಅವಳು ಅಡಿಗಿ ಮಾಣಿಕಮ್ಮ. ಮಗಳ ಮಾತು ಕೇಳಿ ಅವಳ ಮುಖ ಅರಳಿತು.

"ಹಂಗಾರ ಐತವಾರ ಬರ್ತೀನಿ. ಓದಾಕ ಬರದಿದ್ರ ಏನಾಯ್ತು, ಎಲ್ಲಿ ಕುಂತೀನಿ ಅಂತ ನೋಡ್ತೀನಿ. ಬೊಟ್ಟು ಇಟ್ಟು ತೋರ್ಸು."

ಮರುದಿನ ಮೈತ್ರಿ ಅಡುಗೆಯ ಖಾನೆ ತೆರೆದಳು. ರಾಯರ ಹೆಂಡತಿ ಶಾರದಾಬಾಯಿಯವರ ಪುಂಡಿಪಲ್ಯ ಇತ್ತು, ಅವರ ಮೆಂತ್ಯಹಿಟ್ಟು ಇತ್ತು. ಅವ್ವ ಇರಲಿಲ್ಲ. ಬಡವರ ಬದುಕಿನಲ್ಲಿ ಕೆಳಗೆ, ಇನ್ನೂ ಕೆಳಗೆ ಹೋದಾಗ ಸಿಕ್ಕಳು. 'ಮಧ್ಯಾಹ್ನದ ಒಂದು ಊಟ' ಎಂಬ ತಲೆಬರಹ. ಮೊದಲ ಸಾಲು: ಅಂಬಾರಾಯನ ಮನೆಗೆ ಬಾಗಿಲಿರಲಿಲ್ಲ, ಗೋಣಿತಟ್ಟು ಇತ್ತು. ಆಮೇಲೆ ಬರಹದ ತುಂಬ ಅವ್ವನ ಪುಂಡಿಪಲ್ಯ. ಪುಂಡಿಸೊಪ್ಪು ಹೇಗೆ ಕುದಿಯಿತು, ಜೋಳದ ನುಚ್ಚು ಯಾವಾಗ ಬಿತ್ತು, ಬಳ್ಳೊಳ್ಳಿಯ ಘಮ ಅಂಗಳದವರೆಗೆ ಹೇಗೆ ಬಂತು. ತಳ್ಳಿದವಳು ಅವಳೇ. ಗೋಣಿತಟ್ಟು ಎಂದು ಹುಡುಕಿದ್ದಳು, ಸಿಕ್ಕವರಲ್ಲಿ ಅವ್ವನೂ ಇದ್ದಳು.

ಅವಳು ನಕ್ಕಳೋ ನಿಟ್ಟುಸಿರಿಟ್ಟಳೋ, ಸಿರಾಜುದ್ದೀನ ಬಂದು ಹೆಗಲ ಮೇಲಿಂದ ಇಣುಕಿದ. ಎರಡೂ ಪಲ್ಯಗಳನ್ನು ಓದಿ ಗಡ್ಡ ತುರಿಸಿಕೊಂಡ.

"ಅರೆ! ಬಳ್ಳೊಳ್ಳಿ ಇಲ್ದಿದ್ದು ಅಡಿಗಿ, ಬಳ್ಳೊಳ್ಳಿ ಹಾಕಿದ್ದು ಗರೀಬಿ ಅಂತೇನು? ಹಂಗಾರ ನಮ್ಮ ಮನಿ ಇಡೀ ಗರೀಬಖಾನಾನೇ ಬಿಡು."

ಮೈತ್ರಿ ಅವ್ವನನ್ನು ಅಡುಗೆಗೆ ತಂದಿಟ್ಟಳು. ಶುಕ್ರವಾರ ನೋಡಿದರೆ ಅವ್ವ ಮತ್ತೆ ಹಳೆಯ ಜಾಗದಲ್ಲಿ. ಹಿಂದಿನ ಸಂಜೆ ರಾಯರು ಬಂದಿದ್ದರೆಂದೂ ಯಾವುದೋ ತಪ್ಪು ಖಾನೆಗೆ ಬಿದ್ದಿದೆ ಎಂದು ತಾವೇ ಸರಿಮಾಡಿ ಹೋದರೆಂದೂ ಸಿರಾಜುದ್ದೀನ ಹೇಳಿದ. ಅವಳು ಮತ್ತೆ ತಂದಳು. ಶನಿವಾರ ಮತ್ತೆ ಅದೇ. ಆ ದಿನ ಅವಳು ದಂಡೋತಿಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದಳು. ಮನೆಯಲ್ಲಿ ಅವ್ವ ನಾಳೆಗೆಂದು ಇಳಕಲ್ ಸೀರೆ ತೆಗೆದು ಹಗ್ಗದ ಮೇಲೆ ಹಾಕಿದ್ದಳು. ಮೈತ್ರಿ ಅದರ ಸುತ್ತ ಸುಳಿದಾಡಿದಳೇ ಹೊರತು ನಿಜ ಹೇಳಲಿಲ್ಲ.

ಐತವಾರ ಬೆಳಿಗ್ಗೆ ಅವ್ವನಿಗಿಂತ ಮೊದಲೇ ಹೊರಟು ಅಂಗಡಿಗೆ ಬಂದಳು. ರಾಯರನ್ನು ಕರೆಸಿದಳು. ರಾಯರು ಕುರ್ಚಿಯಲ್ಲಿ ಕುಳಿತು ಶಲ್ಯದಿಂದ ಬೆವರು ಒರೆಸಿಕೊಂಡರು.

"ಕೂಡವಾ ಮೊದಲ. ನೀ ನಿಂತ್ರ ನನಗ ತಲಿ ತಿರಗ್ತದ."

"ನಮ್ಮವ್ವ ಬರಾಕತ್ಯಾಳ್ರಿ ಸರ್. ಅಡಿಗಿ ಖಾನ್ಯಾಗ ಇಟ್ಟೀನಿ ಅಂತ ಹೇಳೀನಿ. ನೀವು ಯಾಕ ತಗದ್ರಿ?"

ರಾಯರು ಪರದೆಯತ್ತ ಕೈ ತೋರಿದರು. "ಅದನ್ನ ನಾ ಪಲ್ಯದ ಸಲುವಾಗಿ ಬರದದ್ದಲ್ಲವಾ. ತೊಂಬತ್ತನಾಲ್ಕರಾಗ ನಿಮ್ಮ ಮನ್ಯಾಗ ಕೂತು ಉಂಡು ಬಂದೆ. ನಮ್ಮ ಮಂದಿ ಎಷ್ಟು ವರ್ಷ ಆಡಿಕೊಂಡ್ರು, ಗೊತ್ತದ ಏನು? ಮಠದಾಗ ಪಂಕ್ತಿಗೆ ಕರೀಲಿಲ್ಲ. ಅದರೊಳಗ ಒಂದು ನೋವು ಅದ."

"ನೋವು ನಿಮ್ಮದ್ರಿ ಸರ್. ಪಲ್ಯ ನಮ್ಮವ್ವಂದು."

ಗಲ್ಲೆಯಲ್ಲಿ ಸಿರಾಜುದ್ದೀನ ಕೆಮ್ಮಿದ. ರಾಯರು ಕನ್ನಡಕ ತೆಗೆದು, ಹಾಕಿಕೊಂಡು, ತಮ್ಮದೇ ಬರಹವನ್ನು ಮೊದಲಿನಿಂದ ಓದತೊಡಗಿದರು. ಬಳ್ಳೊಳ್ಳಿಯ ಸಾಲಿಗೆ ಬಂದಾಗ ಅವರ ತುಟಿಯ ಅಂಚು ಸಡಿಲಾಯಿತು.

"ಶಾರದಾಗ ಹೇಳಿ ಇದೇ ಪ್ರಕಾರ ಮಾಡಿಸಿದೆ. ಆಕಿ ಬಳ್ಳೊಳ್ಳಿ ಮುಟ್ಟೂದಿಲ್ಲ. ಆ ರುಚಿ ಬರಲೇ ಇಲ್ಲ ನೋಡು." ಕುರ್ಚಿ ಹಿಂದಕ್ಕೆ ಸರಿಸಿ ಅಂದರು, "ಆಯ್ತು. ಇದೊಂದನ್ನ ಅಡುಗೆಗೆ ಹಾಕಿಬಿಡು. ಪಾಪ, ಆಕಿ ಬರೂ ಹೊತ್ತಾತು."

ಇದೊಂದನ್ನ. ಮೈತ್ರಿಯ ಕೈ ಮೌಸಿನ ಮೇಲೆ ನಿಂತಿತು. ಅವ್ವನನ್ನು ಅಡುಗೆಗೆ ಕಳಿಸಿದಳು. ಖಾಲಿಯಾದ ಜಾಗಕ್ಕೆ ಉಳಿದವರು ಸರಿದು ಮೇಲೆ ಬಂದರು. ಬಾಣಂತಿಯರಿಗೆ ಬೇರು ಅರೆದು ಕೊಡುವ ಕುರಕುಂಟಾದ ಮಾಳಮ್ಮ. ಬಡಿದ ಸದ್ದಿಗೆ ಕಿವಿಗೊಟ್ಟು ಕಲ್ಲಿನ ಪದರು ಬಿಡಿಸುವ ಶಹಾಬಾದದ ಮಶಾಕ. ಮೊಹರಮ್ಮಿನ ಪದ ಹಾಡುವ ಜಾನಬಿ. ಇವರೂ ಗುಡಿಸಲು, ಗೋಣಿತಟ್ಟು ಎಂದು ಅವಳು ಹುಡುಕಿದಾಗ ಸಿಕ್ಕವರೇ. ಔಷಧ ಎಂದು, ಹಾಡು ಎಂದು ಹುಡುಕಿದ್ದರೂ ಸಿಗುತ್ತಿದ್ದರು. ಇವರಲ್ಲಿ ಯಾರೂ ಐತವಾರ ಸೀರೆಯುಟ್ಟು ನೋಡಲು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾಲು ಒಂದೇ ಸಮ ಅಲುಗುತ್ತಿತ್ತು. ಎಲ್ಲರನ್ನೂ ಒಟ್ಟಿಗೆ ಆರಿಸಿದಳು.

"ಏನ್ ಮಾಡ್ಲಿಕತ್ತೀ?" ರಾಯರು ಕೇಳಿದರು.

"ಈ ಖಾನೆ ತಗಿಯಾಕತ್ತೀನ್ರಿ. ಬರದದ್ದು ಒಂದಕ್ಷರನೂ ಹೋಗಲ್ಲ, ಹೆದರಬ್ಯಾಡ್ರಿ. ಬೇಕಂದ್ರ ಮತ್ತ ಹಚ್ಚಾಕ ಬರ್ತದ. ಹೇಳ್ರಿ, ತಗೀಲೋ ಬ್ಯಾಡೋ?"

ರಾಯರು ಬೇಡ ಎನ್ನಲು ಬಾಯಿ ತೆರೆದರು. ಪರದೆಯಲ್ಲಿ ಮಾಳಮ್ಮನ ಹೆಸರು ಕಣ್ಣಿಗೆ ಬಿತ್ತು, ಅವಳು ಅರೆದು ಕೊಡುವ ಬೇರು ನೆನಪಾಯಿತು. ಕೊನೆಗೆ ತೆಗಿ ಎಂಬಂತೆ ತಲೆಯಾಡಿಸಿದರು. ಅವಳು ಒತ್ತಿದಳು. ಬಡವರ ಬದುಕು ಎಂಬ ಹೆಸರು ಪಟ್ಟಿಯಿಂದ ಹೋಯಿತು. ಅದರಲ್ಲಿದ್ದವರು ಯಾವ ಹೆಸರೂ ಇಲ್ಲದೆ ಸಾಲಾಗಿ ನಿಂತರು. ಗ್ರಂಥಪಾಲರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಹಿಂಗ ನೆಲದ ಮ್ಯಾಲ ಬಿಟ್ರ ಹ್ಯಾಂಗವಾ? ಇವರಿಗೆಲ್ಲ ಜಾಗ ಬೇಕಲ್ಲ. ಮಾಳಮ್ಮಂದು ಔಷಧ, ಅದು ಸರಿ. ಜಾನಬಿ ಹಾಡಿಗೆ ಹೋಗ್ಲಿ. ಈ ಮಶಾಕಗ ಎಲ್ಲಿ? ಕಲ್ಲು ಅಂತ ನಮ್ಮಲ್ಲಿ ಖಾನೆನೇ ಇಲ್ಲ. ಹೊಸಾದು ಮಾಡಬೇಕೇನು?"

ಹೊರಗೆ ಟಂಟಂ ಆಟೋ ಬಂದು ನಿಂತ ಸದ್ದಾಯಿತು. ರಸ್ತೆಯ ಆಚೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆಳೆದುಕೊಂಡು, ಯಾವ ಅಂಗಡಿಯೋ ತಿಳಿಯದೆ ಮಾಣಿಕಮ್ಮ ಎರಡೂ ಕಡೆ ನೋಡುತ್ತಿದ್ದಳು.

"ಅಲ್ಲ, ಕಲ್ಲು ಅಂತ ಇಡೋಣೋ, ಕಸುಬು ಅಂತ ಇಡೋಣೋ?" ರಾಯರು ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು. "ಕಸುಬು ಅಂದ್ರ ಮತ್ತ ನಿಮ್ಮವ್ವಂದೂ ಕಸುಬೇ ಆಯ್ತಲ್ಲ, ಆಗ ಏನು ಮಾಡೂದು? ಮೈತ್ರಿ, ನಿನಗೇ ಕೇಳ್ಲಿಕತ್ತೀನಿ..."

ಮೈತ್ರಿ ಆಗಲೇ ಮೆಟ್ಟಿಲಿಳಿದು ರಸ್ತೆ ದಾಟುತ್ತಿದ್ದಳು.