ಓನರ್ ತಮ್ಮನ ಫೋಟೊ

ಸಿಂಗಸಂದ್ರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಒಂದು ಕಲ್ಯಾಣಮಂಟಪ ಕಟ್ಟಿಸಿದ್ದರು. ಅದಕ್ಕೊಂದು ವೆಬ್‌ಸೈಟ್ ಮಾಡುವ ಕೆಲಸ ನನ್ನ ತಲೆಯ ಮೇಲೆ ಬಿತ್ತು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಆಗಷ್ಟೇ ಕ್ಯಾಶಿಂಗ್, ಅಂದರೆ ಒಮ್ಮೆ ತೆರೆದ ಚಿತ್ರವನ್ನು ನೋಡುವವರ ಕಂಪ್ಯೂಟರಿನಲ್ಲೇ ಉಳಿಸಿಡುವ ವಿದ್ಯೆ, ಕಲಿತಿದ್ದೆ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದೆ ನನಗೆ ಸಮಾಧಾನವಿರಲಿಲ್ಲ. ಸರ್ವರ್ ಕಳಿಸುವ ಪ್ರತಿ ಚಿತ್ರದ ಜೊತೆ ಹೆಡರ್ ಎಂಬ ಚೀಟಿಯೊಂದು ಹೋಗುತ್ತದೆ. ‘ಇದನ್ನು ಒಂದು ವರ್ಷ ನಿನ್ನಲ್ಲೇ ಇಟ್ಟುಕೋ, ಮತ್ತೆ ನನ್ನನ್ನು ಕೇಳಬೇಡ’ ಎಂದು ನೋಡುವವರ ಕಂಪ್ಯೂಟರಿಗೆ ಅದರಲ್ಲಿ ಬರೆದಿಟ್ಟೆ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಪುಟದಲ್ಲಿ ಓನರ್ ಮತ್ತು ಅವರ ತಮ್ಮ ಬಿಳಿ ಪಂಚೆಯುಟ್ಟು ಮಂಟಪದ ಬಾಗಿಲಲ್ಲಿ ನಿಂತ ಚಿತ್ರವಿತ್ತು. ಇಬ್ಬರೂ ಅದನ್ನು ಅವರವರ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿ ಹಿಗ್ಗಿದ್ದರು. ಯುಗಾದಿಗೆ ಒಂದು ವಾರ ಇರುವಾಗ ಇಬ್ಬರಿಗೂ ಜಗಳ ಹತ್ತಿತು. ಬೋರ್‌ವೆಲ್ ಮೋಟರಿನ ಸ್ವಿಚ್ ಯಾರ ಮನೆಯೊಳಗಿರಬೇಕು ಎಂಬುದು ವಿಷಯ.

“ಅವ್ನ್ ಪೋಟೊ ಕಿತ್ತಾಕಿ ಸಾರ್,” ಎಂದರು ಓನರ್.

ಅವರ ಹೆಂಡತಿ ಒಳಗಿನಿಂದಲೇ, “ವರ್ಸದ್ ತೊಡಕ್ಗೆ ಅವ್ನ್ ಬರ್ದೆ ಯಾವತ್ತಾನ ಉಂಡಿದ್ದೀವಾ?” ಎಂದು ಕಣ್ಣೊರೆಸಿಕೊಂಡರು. ಯುಗಾದಿಯ ಮರುದಿನದ ಆ ಬಾಡೂಟಕ್ಕೆ ಮೈದುನ ಬರದಿದ್ದರೆ ಎರಡು ಮನೆ ಇನ್ನು ಸೇರುವುದಿಲ್ಲ ಎಂದು ಅವರಿಗೆ ಭಯ. ನನಗೂ ಬೇಜಾರಾಯಿತು. ಆದರೆ ಓನರ್ ಮಾತು ಮೀರುವಂತಿರಲಿಲ್ಲ. ಆ ಚಿತ್ರ ತೆಗೆದು, ಅದೇ ಫೈಲ್ ಹೆಸರಿನಲ್ಲಿ ಬರೀ ಮಂಟಪದ ಚಿತ್ರ ಹಾಕಿದೆ.

ಮರುದಿನ ಓನರ್ ಮೆಟ್ಟಿಲಲ್ಲೇ ಹಿಡಿದರು. “ಇನ್ನೂ ಅಲ್ಲೇ ನಿಂತವ್ನಲ್ಲ ಸಾರ್!”

“ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದೆ ಅಣ್ಣ,” ಎಂದೆ. ನಮ್ಮ ಕಸುಬಿನವರಿಗೆ ಬೇರೆ ಮಾತೇ ಬರುವುದಿಲ್ಲ. ಅವರು ದಿನಾ ನೋಡಿದರು, ದಿನಾ ಬೈದರು. ಬೈಗುಳ ನಿಧಾನವಾಗಿ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿತು.

ಹಬ್ಬದ ಹಿಂದಿನ ದಿನ ಆಫೀಸಿನಲ್ಲಿ ಬೇರೇನೋ ಹೆಡರ್ ನೋಡುವಾಗ ಹೊಳೆಯಿತು. ನಾನು ಗಳಿಗೆಗೊಮ್ಮೆ ಕ್ಯಾಶ್‌ನಲ್ಲಿ ಉಳಿದ ಹಳೆಯ ಪ್ರತಿಗಳನ್ನು ಅಳಿಸುವವನು, ನನಗೆ ಹೊಸ ಚಿತ್ರ ಕಾಣುತ್ತಿತ್ತು. ಓನರ್ ಕಂಪ್ಯೂಟರ್ ಮಾತ್ರ ಒಂದು ವರ್ಷ ಇಟ್ಟುಕೋ ಎಂದು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಫೈಲಿನ ಹೆಸರು ಬದಲಿಸಿದ್ದರೆ ಸಾಕಿತ್ತು, ಅದು ಹೊಸ ಚಿತ್ರವೆಂದು ಮತ್ತೆ ಸರ್ವರನ್ನು ಕೇಳುತ್ತಿತ್ತು. ಹಬ್ಬ ಕಳೆಯಲಿ ಎಂದು ಸುಮ್ಮನಾದೆ.

ತೊಡಕಿನ ಮಧ್ಯಾಹ್ನ ಊಟಕ್ಕೆ ಕರೆದರು. ಕೆಳಗಿಳಿದರೆ ಎಲೆಯ ಮುಂದೆ ತಮ್ಮ ಕೂತಿದ್ದಾರೆ!

“ಕಿತ್ತಾಕಿಸ್ತೀನಿ ಅಂತ ಊರ್ಗೆಲ್ಲ ಸಾರ್ಕಂಡ್ ಬಂದ. ನಮ್ಮನೆ ಕಂಪ್ಯೂಟರಲ್ಲಿ ದಿನಾ ನೋಡ್ದೆ ಸಾರ್. ಕೀಳುಸ್ನೇ ಇಲ್ಲ ನಮ್ಮಣ್ಣ,” ಎಂದು ಆತ ನನ್ನತ್ತ ತಿರುಗಿದರು.

ಓನರ್ ನನ್ನನ್ನು ನೋಡಿದರು. ನಾನು ಮುದ್ದೆಯನ್ನು ನೋಡಿದೆ.

“ಯಂಗ್ಲಾ ಕೀಳುಸ್ಲಿ,” ಎಂದು ಅವರು ತಮ್ಮನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಕೈ ತೊಳೆದು ಮೇಲೆ ಹೋದವನೇ ಹಳೆಯ ಚಿತ್ರವನ್ನು ಸರ್ವರ್‌ಗೆ ವಾಪಸ್ ಹಾಕಿದೆ. ಅದು ಒಂದು ವಾರ ಅಲ್ಲಿರಲಿಲ್ಲ ಎಂಬುದು ತಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.